ನೀರು ಹಾಕದ ಮಾಲಿ

ಡ್ರಾಯಿಂಗ್ ಮೇಷ್ಟ್ರು ಬೆಟ್ಟದ ತುದಿಗೆ ಹೋದ ಮೊದಲ ಸಲವೇ ಒಬ್ಬ ಹಿರಿಯರ ಮೇಲೆ ಕೂತುಬಿಟ್ಟರು.

ಅದರಲ್ಲಿ ತಮ್ಮ ತಪ್ಪೇನೂ ಇರಲಿಲ್ಲವೆಂದು ಅವರು ಇವತ್ತಿಗೂ ವಾದಿಸುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತುವುದನ್ನೇ ವ್ಯಾಯಾಮದ ಖಾತೆಗೆ ಹಾಕಿಕೊಂಡು ಐವತ್ತು ದಾಟಿದ ಮನುಷ್ಯ ಅವರು. ಅಂಥವರು ನಾಲ್ಕು ಗಂಟೆ ಏರುದಾರಿ ಹತ್ತಿ ಬಂದಿದ್ದಾರೆ. ಎದುರಿಗೆ ಬರೀ ಕಲ್ಲು, ಕಲ್ಲಿನ ಆಚೆಗೂ ಕಲ್ಲು. ಅವುಗಳ ನಡುವೆ ದುಂಡಗೆ, ಹಸಿರಾಗಿ, ಯಾರೋ ದಿಂಬು ಮರೆತು ಹೋದ ಹಾಗೆ ಒಂದು ವಸ್ತು ಕಂಡರೆ ಕೂರದೆ ಇನ್ನೇನು ಮಾಡಬೇಕು? ಮೇಷ್ಟ್ರು ಕೂತರು. ಕಣ್ಣು ಮುಚ್ಚಿದರು. ಶ್ವಾಸಕೋಶದ ಯಾವ ಮೂಲೆಯಲ್ಲಿತ್ತೋ, ಒಂದು ಉದ್ದನೆಯ ಉಸಿರು ಹೊರಗೆ ಬಂತು.

“ಮೇಷ್ಟ್ರೇ, ನಿಧಾನಕ್ಕೆ ಏಳಿ,” ಎಂದಿತು ಹಿಂದಿನಿಂದ ಭಾವನ ದನಿ. “ಆಕಡೆ ಈಕಡೆ ಜರುಗಬೇಡಿ. ಹಾಗೇ ನೆಟ್ಟಗೆ ಮೇಲಕ್ಕೆ.”

ಮೇಷ್ಟ್ರು ಎರಡೂ ಕಾಲು ಮೇಲಕ್ಕೆತ್ತಿಕೊಂಡರು. “ಹಾವಾ?”

“ಹಾವಾಗಿದ್ರೆ ತಪ್ಪಿಸ್ಕೊಂಡು ಹೋಗಿರೋದು. ನೀವು ಕೂತಿರೋದು ಗಿಡದ ಮೇಲೆ.”

“ಗಿಡವಾ? ಎಲ್ಲಿದೆ ಗಿಡ?”

“ನಿಮ್ಮ ಕೆಳಗೆ. ಅವರಿಗೆ ಎಂಬತ್ತರ ಮೇಲಾಗಿದೆ. ನಿಮ್ಮ ತಾಯಿಯವರ ವಾರಿಗೆ.”

ಮೇಷ್ಟ್ರು ಎದ್ದು, ಏನು ಮಾಡುವುದೆಂದು ತೋಚದೆ ಟೋಪಿ ತೆಗೆದರು. ಭಾವ ಮಂಡಿಯೂರಿ, ಜೇಬಿನಿಂದ ಭೂತಗನ್ನಡಿ ತೆಗೆದು, ಆ ದಿಂಬನ್ನು ಇಂಚಿಂಚಾಗಿ ಪರೀಕ್ಷೆ ಮಾಡಿದರು. ಹತ್ತಿರದಿಂದ ನೋಡಿದರೆ ಅದು ದಿಂಬಾಗಿರಲಿಲ್ಲ. ಸಾಸಿವೆಯಷ್ಟು ಸಾಸಿವೆಯಷ್ಟು ಎಲೆಗಳು ಒಂದಕ್ಕೊಂದು ಒತ್ತಿಕೊಂಡು, ಸಂತೆಯ ಬಸ್ಸಿನಲ್ಲಿ ಜನ ನಿಂತ ಹಾಗೆ ನಿಂತಿದ್ದವು. ಹಾಗೆ ಒತ್ತಿಕೊಂಡು ನಿಂತರೆ ಗಾಳಿ ಒಳಗೆ ನುಗ್ಗುವುದಿಲ್ಲ, ಹಗಲು ಕುಡಿದ ಬಿಸಿಲು ಸಂಜೆಯವರೆಗೂ ಒಳಗೇ ಉಳಿಯುತ್ತದೆ, ಬೇರೆ ಗಿಡಗಳ ಬೀಜ ಬಂದು ಬಿದ್ದರೆ ಅವಕ್ಕೂ ಅಲ್ಲೇ ಜಾಗ ಸಿಗುತ್ತದೆ ಎಂದು ಭಾವ ವಿವರಿಸಿದರು. ಮೇಷ್ಟ್ರು ತಲೆ ತಗ್ಗಿಸಿ ಕೇಳಿದರು. ಅವರ ಶಾಲೆಯ ಮಕ್ಕಳು ಈ ಭಂಗಿಯಲ್ಲಿ ಅವರನ್ನು ನೋಡಿದ್ದರೆ ಆ ವರ್ಷವಿಡೀ ಖುಷಿಯಾಗಿರುತ್ತಿದ್ದರು.

“ಏನಾಗಲ್ಲ, ಬದುಕ್ತಾರೆ,” ಎಂದರು ಭಾವ ಎದ್ದು ಮಂಡಿ ಒರೆಸಿಕೊಳ್ಳುತ್ತ. ಆಮೇಲೆ ನೋಟ್‌ಬುಕ್ ತೆಗೆದು ತಾರೀಖು ಹಾಕಿ ಏನೋ ಬರೆದುಕೊಂಡರು. ಮೇಷ್ಟ್ರಿಗೆ ಅದು ಕಂಡೇ ಕಂಡಿತು: ‘ಬಾಮೈದ ಕೂತರು. ಒಂದು ನಿಮಿಷ.’

ಈ ಭಾವ, ಅಂದರೆ ಮೇಷ್ಟ್ರ ಅಕ್ಕನ ಗಂಡ, ಸಸ್ಯ ಸಂಶೋಧನಾ ಸಂಸ್ಥೆಯಲ್ಲಿ ಇಪ್ಪತ್ತೇಳು ವರ್ಷದಿಂದ ಮಾಲಿ. ಅವರ ಬೀದಿಯಲ್ಲಿ ಅವರಿಗೆ ‘ನೀರು ಹಾಕದ ಮಾಲಿ’ ಎಂದು ಹೆಸರು. ಹೆಸರಿಡುವುದರಲ್ಲಿ ಬೀದಿಯವರು ಅನ್ಯಾಯ ಮಾಡಿರಲಿಲ್ಲ. ಹೊಲಿಗೆ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿ ಅವರ ಮನೆ. ಸುತ್ತಲಿನ ಬಾಲ್ಕನಿಗಳಲ್ಲೆಲ್ಲ ಕುಂಡಗಳು ತೂಗುತ್ತಿದ್ದರೆ ಇವರ ಬಾಲ್ಕನಿಯಲ್ಲಿ ಒಂದು ಮುರಿದ ಕುರ್ಚಿ. ಕೆಳಗಿನ ದರ್ಜಿ ತನ್ನ ಗುಲಾಬಿ ಗಿಡಕ್ಕೆ ಹುಳ ಬಿದ್ದಾಗ ಆಸೆಯಿಂದ ಓಡಿ ಬಂದು ಸಲಹೆ ಕೇಳಿದ್ದ. ಭಾವ ಗುಲಾಬಿಯನ್ನು ಹತ್ತು ನಿಮಿಷ ನೋಡಿ, “ಸುಮ್ಮನೆ ಬಿಟ್ಟು ನೋಡಿ,” ಎಂದರು. ಹದಿನೈದು ದಿನದಲ್ಲಿ ಗುಲಾಬಿ ಒಣಗಿತು. ಹೋಗಿ ಹೇಳಿದರೆ, “ಯಾವತ್ತು?” ಎಂದು ಕೇಳಿದರಂತೆ.

ಅವರ ಕೆಲಸವೇ ಅದು. ನೋಡುವುದು, ಎಣಿಸುವುದು, ಬರೆಯುವುದು. ಕೆಲಸಕ್ಕೆ ಸೇರುವಾಗ ಸಂದರ್ಶನದಲ್ಲಿ, ಮುದಿ ಪ್ರೊಫೆಸರೊಬ್ಬರು ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರಂತೆ: ಗಿಡ ಸಾಯುತ್ತಿದ್ದರೆ ಏನು ಮಾಡುತ್ತೀರಿ? ಒಬ್ಬ ಗೊಬ್ಬರ ಹಾಕುತ್ತೇನೆ ಎಂದ, ಇನ್ನೊಬ್ಬ ನೆರಳು ಕಟ್ಟುತ್ತೇನೆ ಎಂದ, ಮತ್ತೊಬ್ಬ ಪಾಪ, ಮಾತಾಡಿಸುತ್ತೇನೆ ಎಂದನಂತೆ. ಭಾವ ಹೇಳಿದ್ದು, “ತಾರೀಖು ಬರ್ಕೋತೀನಿ.” ಕೆಲಸ ಅಲ್ಲೇ ಸಿಕ್ಕಿತು.

ಅವರ ಸುಪರ್ದಿಯಲ್ಲಿ ಮೂರು ತೋಟಗಳು. ಕೆಳತೋಟ ಸಂಸ್ಥೆಯ ಹಿತ್ತಲಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಪಕ್ಕ. ನಡುತೋಟ ಬಸ್ಸಿನ ಕೊನೆಯ ನಿಲ್ದಾಣದಿಂದ ಸ್ವಲ್ಪ ಮೇಲೆ, ಮರಗಳು ತೆಳ್ಳಗಾಗಿ ಮುಗಿಯುವ ಕಡೆ. ಮೇಲ್ತೋಟ ಅದಕ್ಕೂ ಮೂರು ಗಂಟೆಯ ದಾರಿಯಾಚೆ, ಈಗ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಜಾಗದಲ್ಲಿ. ತೋಟ ಎಂಬ ಮಾತಿಗೆ ಮರುಳಾಗಬಾರದು. ಎರಡು ಮಂಚದಗಲದ ಒಂದು ಪಾತಿ, ಅದರ ಸುತ್ತ ತಂತಿ, ಒಂದು ಮರದ ಪೆಟ್ಟಿಗೆಯಲ್ಲಿ ಉಷ್ಣಮಾಪಕ, ಅಷ್ಟೇ. ಪಾತಿಯಲ್ಲಿ ಆರು ಸಾಲು, ಸಾಲಿಗೆ ಹನ್ನೆರಡು ಗಿಡ. ಎಲ್ಲ ಒಂದೇ ಜಾತಿಯವು, ಹಳದಿ ಹೂವಿನವು, ಗೇಣುದ್ದ ಮೀರದವು. ಗಿಡಗಳ ಎಲೆಯ ಚಿತ್ರ ಬರೆದುಕೊಳ್ಳಲಿಕ್ಕೆಂದೇ ಮೇಷ್ಟ್ರನ್ನು ಬೇಸಿಗೆ ರಜೆಯಲ್ಲಿ ಇಲ್ಲಿಗೆ ಎಳೆದು ತಂದದ್ದು. ಸಂಸ್ಥೆಯ ವಿಜ್ಞಾನಿ ಮೇಡಂ ಬೇರೆ ಊರಿನಲ್ಲಿದ್ದು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದು ಹೋಗುವವರು; ಫೋಟೋಗಿಂತ ಕೈಯಲ್ಲಿ ಬರೆದ ಚಿತ್ರದಲ್ಲಿ ಎಲೆಯ ರೋಮ ಚೆನ್ನಾಗಿ ಕಾಣುತ್ತದೆ ಎಂದಿದ್ದರು.

“ಈ ಸಾಲು ನೋಡಿ, ಇದು ಇಲ್ಲೇ ಬೆಟ್ಟದ ಮೇಲಿನ ಗಿಡಗಳ ಮಕ್ಕಳು,” ಎಂದರು ಭಾವ. “ಇದರ ಪಕ್ಕದ್ದು ಕೆಳಗಡೆ ಊರಿನ ಗಿಡಗಳ ಮಕ್ಕಳು. ಹೀಗೇ ಒಂದು ಬಿಟ್ಟು ಒಂದು.”

“ಎರಡೂ ಕುಳ್ಳಗೇ ಇವೆಯಲ್ಲ ಭಾವ.”

“ಇಲ್ಲಿ ಎರಡೂ ಕುಳ್ಳಗೇ. ಇವೇ ಬೀಜಾನ ಕೆಳತೋಟದಲ್ಲಿ ಬಿತ್ತಿದ್ರೆ ಊರಿನ ಮಕ್ಕಳು ಮೊಣಕಾಲುದ್ದ ಏಳ್ತವೆ. ಬೆಟ್ಟದ ಮಕ್ಕಳಿಗೆ ಎಷ್ಟೇ ಸುಖ ಇರಲಿ, ಅಲ್ಲೂ ಇಷ್ಟೇ. ಬೀಜದ ಮೇಲೆ ಬೀಜ, ಎಷ್ಟು ತಲೆಮಾರು ಹಾಕಿ ನೋಡಿದ್ರೂ ಇಷ್ಟೇ.”

ಮೇಷ್ಟ್ರು ಯೋಚಿಸಿದರು. “ಅಂದ್ರೆ ಒಬ್ರು ಚಳಿಗೆ ಮುದುಡಿ ಕೂತಿದಾರೆ, ಇನ್ನೊಬ್ರು ಹುಟ್ಟಿರೋದೇ ಹಾಗೆ.”

“ಅಷ್ಟೇ. ನೀವು ಹೆಡ್ಮೇಷ್ಟ್ರ ಮುಂದೆ ಕುಳ್ಳಗಾಗ್ತೀರಲ್ಲ, ಅದು ಮೊದಲ್ನೇದು. ಮನೆಗೆ ಬಂದ ತಕ್ಷಣ ಉದ್ದ ಆಗ್ತೀರಿ.”

“ಎರಡನೇದು?”

“ನಾನು,” ಎಂದರು ಭಾವ. ಅವರ ಎತ್ತರ ಐದಡಿಗೆ ಒಂದಿಂಚು ಕಡಿಮೆ.

ಹುಟ್ಟಿನಿಂದಲೇ ಹಾಗಾಗಲು ಸುಮಾರು ಎಷ್ಟು ದಿನ ಹಿಡಿದೀತು ಎಂದು ಮೇಷ್ಟ್ರು ಕೇಳಿದ್ದಕ್ಕೆ ಭಾವ, ದಿನದ ಮಾತೆಲ್ಲಿ ಬಂತು, ಸಾವಿರಾರು ಚಳಿಗಾಲ ಆಗಿರಬೇಕು ಎಂದರು. ಉದ್ದ ಬೆಳೆದದ್ದನ್ನೆಲ್ಲ ಗಾಳಿ ಮುರಿಯಿತು, ಕುಳ್ಳಗಿದ್ದದ್ದು ಬೀಜ ಕಟ್ಟಿತು, ಅದರ ಮಕ್ಕಳಲ್ಲಿ ಇನ್ನಷ್ಟು ತಗ್ಗಿ ನಡೆದದ್ದು ಉಳಿಯಿತು. ಎಲೆಗೆ ಉಣ್ಣೆಯಂಥ ರೋಮ, ಸುಡುಬಿಸಿಲಿಗೆ ಕೆಂಪು ಬಣ್ಣ, ಮುಂದಿನ ವರ್ಷದ ಮೊಗ್ಗನ್ನು ಈ ವರ್ಷವೇ ಒಳಗೆ ಕಟ್ಟಿಟ್ಟುಕೊಳ್ಳುವ ಬುದ್ಧಿ, ಎಲ್ಲ ಹಾಗೇ ಬಂದದ್ದು. ಬೇಸಿಗೆ ಇರುವುದೇ ಎರಡು ತಿಂಗಳು. ಹಿಮ ಕರಗಿದ ಮೇಲೆ ಮೊಗ್ಗು ಕಟ್ಟಲು ಕೂತರೆ ಹೂವಾಗುವಷ್ಟರಲ್ಲಿ ಮತ್ತೆ ಹಿಮ. ಆದರೆ ಈಚೆಗೆ ಆ ಲೆಕ್ಕ ತಪ್ಪುತ್ತಿದೆ, ಹಿಮ ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ, ಕೆಳಗಿನ ಹುಲ್ಲೆಲ್ಲ ಇಲ್ಲಿಗೆ ಬರತೊಡಗಿದೆ ಎಂದು ಭಾವ ತಂತಿಯ ಹೊರಗಿನ ಒಂದು ಹುಲ್ಲಿನ ಗುಪ್ಪೆಯನ್ನು ತೋರಿಸಿದರು. ಕರೆಯದೆ ಬಂದ ನೆಂಟರನ್ನು ತೋರಿಸುವ ಹಾಗಿತ್ತು.

“ಇವೂ ಇನ್ನೊಂದಿಷ್ಟು ಮೇಲಕ್ಕೆ ಹೋಗಬಹುದಲ್ಲ?”

“ಮೇಲೆ ಇನ್ನು ನೂರು ಹೆಜ್ಜೆ ಬೆಟ್ಟ ಇದೆ. ಆಮೇಲೆ ಬರೀ ಆಕಾಶ.”

ಇಷ್ಟೆಲ್ಲ ಹೇಳುವಾಗಲೂ ಭಾವನ ಕೈ ಪಾತಿಯ ತಂತಿಯನ್ನು ದಾಟಲಿಲ್ಲ. ಅದಕ್ಕೊಂದು ನಿಯಮವಿತ್ತು. ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ಆ ಮುದಿ ಪ್ರೊಫೆಸರು ಕೆಂಪು ಶಾಯಿಯಲ್ಲಿ ಬರೆದಿಟ್ಟು ಹೋಗಿದ್ದರು: ‘ನೀರು, ಗೊಬ್ಬರ, ನೆರಳು, ಹೊದಿಕೆ, ಯಾವುದೇ ಸಹಾಯ ಸಲ್ಲದು. ಮನುಷ್ಯನ ಸಹಾಯ ಪಡೆದ ಪಾತಿಯನ್ನು ಕಿತ್ತುಹಾಕತಕ್ಕದ್ದು.’ ಇದೇನು ಅಲಂಕಾರಕ್ಕೆ ಬರೆದ ಮಾತಲ್ಲ. ಒಂಬತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ನಡುತೋಟದ ಹತ್ತಿರ ಊಟ ಮುಗಿಸಿ, ಬಾಡಿದ ಗಿಡ ನೋಡಲಾರದೆ, ಬಾಟಲಿಯಲ್ಲಿ ಉಳಿದ ನೀರನ್ನು ಅಲ್ಲಿನ ಪಾತಿಗೆ ಸುರಿದು ಹೋಗಿದ್ದ. ಭಾವ ಮಣ್ಣಿನ ಒದ್ದೆ ನೋಡಿದರು. ಯಾರಿಗೂ ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ಬರೆದರು, ಬರೆದು, ಆ ಪಾತಿಯ ಗಿಡಗಳನ್ನೆಲ್ಲ ತಮ್ಮ ಕೈಯಾರೆ ಕಿತ್ತರು. ಆಮೇಲೆ ಎರಡು ದಿನ ಅವರು ಊಟ ಮಾಡಿರಲಿಲ್ಲವೆಂದು ಅಕ್ಕ ಹೇಳುತ್ತಾಳೆ. “ಅತ್ರೇನೋ ಗೊತ್ತಿಲ್ಲ. ಬಾತ್‌ರೂಮಿನ ನಲ್ಲಿ ಜಾಸ್ತಿ ಹೊತ್ತು ಓಡ್ತಾ ಇತ್ತು.”

ಮೇಲ್ತೋಟದ ಪಾತಿ ಮಾತ್ರ ಇಪ್ಪತ್ತೇಳು ವರ್ಷದಿಂದ ಅಖಂಡವಾಗಿತ್ತು. ಮೊದಲ ಸಸಿಗಳನ್ನು ಅವರೇ ಚಹಾದ ಡಬ್ಬಿಗಳಲ್ಲಿ ಇಟ್ಟು ಬೆನ್ನ ಮೇಲೆ ಹೊತ್ತು ತಂದಿದ್ದರು. ಅವುಗಳಲ್ಲಿ ಕೆಲವು ಈಗಲೂ ಇದ್ದವು, ಇಪ್ಪತ್ತೇಳು ವರ್ಷದಲ್ಲಿ ಅಂಗೈಯಗಲ ಆಗಿ.

ಆ ಚಳಿಗಾಲ ಬಂತು, ಹಿಮ ಬರಲಿಲ್ಲ.

ಅದಕ್ಕೆ ಮೊದಲೇ ಇನ್ನೊಂದು ಅನಾಹುತ ಆಗಿತ್ತು. ಇಪ್ಪತ್ತೇಳು ವರ್ಷ ಕಡಿದಾದ ಬೆಟ್ಟದಲ್ಲಿ ಒಮ್ಮೆಯೂ ಎಡವದ ಭಾವ, ದರ್ಜಿಯ ಅಂಗಡಿಯ ಮುಂದಿನ ಎರಡೇ ಎರಡು ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ತೊಡೆಯವರೆಗೆ ಪ್ಲಾಸ್ಟರ್. ಬೆಟ್ಟ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿಸಿಕೊಂಡು ಮಲಗಿದರು. ಮಾಮೂಲಿ ವರ್ಷಗಳಲ್ಲಿ ಆ ಹೊತ್ತಿಗೆ ಬೆಟ್ಟ ಬೆಳ್ಳಗಾಗಿ, ದಾರಿ ಮುಚ್ಚಿ, ಬೇಸಿಗೆಯವರೆಗೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಈ ಸಲ ಬೆಟ್ಟ ಬೂದು ಬಣ್ಣದಲ್ಲಿ ಬೆತ್ತಲೆ ನಿಂತಿತ್ತು. ಮೇಡಂ ಫೋನು ಮಾಡಿ, ದಾರಿ ತೆರೆದಿದೆಯಲ್ಲ, ಉಷ್ಣಮಾಪಕ ನೋಡಿಸಲಿಕ್ಕಾಗುತ್ತದೆಯೇ ಎಂದು ಕೇಳಿದರು.

“ಮೇಷ್ಟ್ರು ಹೋಗ್ತಾರೆ,” ಎಂದರು ಭಾವ, ಮೇಷ್ಟ್ರನ್ನು ಕೇಳದೆ.

ಮೇಷ್ಟ್ರು ಭಾನುವಾರ ಹೊರಟರು. ಒಬ್ಬನೇ ಬಿದ್ದು ಗಿದ್ದಾನು ಎಂದು ಅಕ್ಕ ಜೊತೆಗೆ ಹೊರಟಳು. ಹೊರಡುವಾಗ ಭಾವ ಮಂಚದಿಂದಲೇ ಅಪ್ಪಣೆ ಕೊಟ್ಟರು: “ಪೆಟ್ಟಿಗೆ ತೆಗೀರಿ, ನೋಡಿ, ಬರೀರಿ, ಬನ್ನಿ. ಬೇರೇನೂ ಬೇಡ.” ಆಮೇಲೆ ಕಿಟಕಿಯ ಕಡೆ ತಿರುಗಿ, ತಮಗೆ ತಾವೇ ಎಂಬಂತೆ ಹೇಳಿಕೊಂಡರು, “ಹಿಮ ಅಂದ್ರೆ ಅವಕ್ಕೆ ಹೊದಿಕೆ. ಹೊದ್ಕೊಂಡು ಮಲಗಿದ್ರೆ ಎಷ್ಟು ಚಳಿಗೂ ಜಗ್ಗಲ್ಲ. ಹೀಗೆ ಬರೀ ಮೈಯಲ್ಲಿ ಎಷ್ಟು ದಿನ ಅಂತ ಇರ್ತವೆ.”

ಅಕ್ಕ ಏನೂ ಮಾತಾಡಲಿಲ್ಲ. ಅಕ್ಕ ಮಾತಾಡದಿದ್ದಾಗ ಹುಷಾರಾಗಿರಬೇಕೆಂದು ಮೇಷ್ಟ್ರಿಗೆ ಎಂಟನೇ ವಯಸ್ಸಿನಿಂದಲೂ ಗೊತ್ತಿತ್ತು, ಆದರೆ ಬಸ್ಸಿಗೆ ಹೊತ್ತಾಗಿತ್ತು.

ಬೆಟ್ಟದ ಮೇಲೆ ಮೇಷ್ಟ್ರು ಪೆಟ್ಟಿಗೆ ತೆಗೆದರು, ನೋಡಿದರು, ಬರೆದರು. ಸೊನ್ನೆಗಿಂತ ಎಷ್ಟು ಕೆಳಗೆಂದು ನೋಡಿಯೇ ಅವರ ಹಲ್ಲು ಕಟಕಟ ಎಂದವು. ತಿರುಗಿದರೆ ಅಕ್ಕ ಬ್ಯಾಗಿನಿಂದ ಚೌಕಳಿ ಕಂಬಳಿಯೊಂದನ್ನು ಎಳೆದು ಕೊಡವುತ್ತಿದ್ದಳು.

“ಅಕ್ಕಾ, ಬೇಡ. ಭಾವ ಏನು ಹೇಳಿದ್ರು?”

“ನಿನ್ನ ಭಾವ ನಾಲ್ಕು ದಿನದಿಂದ ಕಣ್ಣು ಮುಚ್ಚಿಲ್ಲ. ಆ ಕಡೆ ಹಿಡ್ಕೋ.”

“ಅದು ನಿಯಮದ ಪ್ರಕಾರ...”

“ಲೋ, ನಾನೇನು ಗಿಡಕ್ಕೆ ಹೊದಿಸ್ತಾ ಇದೀನಾ? ನಿನ್ನ ಭಾವಂಗೆ ಹೊದಿಸ್ತಾ ಇರೋದು. ಮೂಲೆಗೆ ಕಲ್ಲಿಡು.”

ಮೇಷ್ಟ್ರು ಮೂಲೆಗೆ ಕಲ್ಲಿಟ್ಟರು. ತರಗತಿಯಲ್ಲಿ ನಲವತ್ತು ಮಕ್ಕಳನ್ನು ಅಂಕೆಯಲ್ಲಿಡುವ ಗಂಡಸು ಅಕ್ಕನ ಮುಂದೆ ಯಾವ ಎತ್ತರದಲ್ಲಿರುತ್ತಾನೆ ಎಂಬುದು ಸಸ್ಯಶಾಸ್ತ್ರಕ್ಕೂ ಗೊತ್ತಿರುವ ವಿಷಯ. ಕಂಬಳಿ ಪಾತಿಯ ಅರ್ಧಕ್ಕೆ ಬಂತು. ಪ್ರತಿ ಸಾಲಿನಲ್ಲೂ ಆರು ಗಿಡ ಒಳಗೆ, ಆರು ಹೊರಗೆ. ಇನ್ನೊಂದು ತರಬೇಕಿತ್ತು ಎಂದು ಅಕ್ಕ ಪೇಚಾಡಿದಳು. ಇಬ್ಬರೂ ಇಳಿದು ಬಂದು, ಹಾಲಿಗೆ ಕದ್ದು ಬಾಯಿ ಹಾಕಿದ ಬೆಕ್ಕುಗಳಂತೆ ಬಾಯಿ ಒರೆಸಿಕೊಂಡು ಸುಮ್ಮನಿದ್ದರು. ಹಿಮ ಬಿದ್ದದ್ದು ಮೂರು ವಾರ ಕಳೆದ ಮೇಲೆ. ಚಳಿಗಾಲ ಮುಗಿದು ಹಿಮ ಕರಗಿದಾಗ ಭಾವನ ಪ್ಲಾಸ್ಟರ್ ಬಿಚ್ಚಿತ್ತು, ಆದರೆ ಬೆಟ್ಟ ಹತ್ತಲು ಡಾಕ್ಟರು ಬಿಡಲಿಲ್ಲ. ಹಿಮ ಕರಗಿದ ತಾರೀಖು ನೋಡಿ ಬರಲು ಮತ್ತೆ ಇವರಿಬ್ಬರೇ ಹೋದರು. ಕಂಬಳಿಯನ್ನು ಮಡಿಸಿ ತಂದರು. ಅಕ್ಕ ಅದನ್ನು ಮೂರು ಸಲ ಒಗೆದಳು.

ಬೇಸಿಗೆ ಶುರುವಾದಾಗ ಭಾವ ಕೋಲೂರಿಕೊಂಡು ಮೊದಲ ಸಲ ಬೆಟ್ಟ ಹತ್ತಿದರು. ಸಂಜೆ ಮನೆಗೆ ಬಂದವರು ಬೂಟು ಕೂಡ ಬಿಚ್ಚದೆ ಅಡುಗೆಮನೆಯ ಮೇಜಿನ ಮುಂದೆ ಕೂತರು. ಮೇಷ್ಟ್ರು ಅಲ್ಲೇ ಚಹಾ ಕುಡಿಯುತ್ತಿದ್ದರು.

“ಮೇಷ್ಟ್ರೇ, ನೀವು ಗೆರೆ ಬಲ್ಲವರು. ಒಂದು ಮಾತು ಕೇಳ್ತೀನಿ. ಪ್ರಕೃತಿ ಸ್ಕೇಲ್ ಇಟ್ಟು ಗೆರೆ ಎಳೆಯುತ್ತಾ?”

ಮೇಷ್ಟ್ರು ಚಹಾದ ಲೋಟವನ್ನು ಕೆಳಗಿಟ್ಟರು.

“ಪಾತಿ ಅರ್ಧ ಹಸಿರು, ಅರ್ಧ ಕಂದು,” ಎಂದರು ಭಾವ. “ಮಧ್ಯದಲ್ಲಿ ಗೆರೆ ಕೊಯ್ದ ಹಾಗಿದೆ. ಈ ಕಡೆ ಎಲ್ಲ ಬದುಕಿವೆ, ಆ ಕಡೆ ಒಂದೂ ಇಲ್ಲ. ಗಾಳಿ ಅಂದ್ರೆ ಹಾಗೆ ಬೀಸಲ್ಲ. ಬಂಡೆ ನೆರಳು ಅಂದ್ರೆ ಅಲ್ಲಿ ಬಂಡೆ ಇಲ್ಲ.”

“ಎಳೆದರೂ ಎಳೀಬಹುದು ಭಾವ. ಈಗ ದಿಗಂತ ಇಲ್ವಾ,” ಎಂದರು ಮೇಷ್ಟ್ರು.

ಸಿಂಕಿನ ಮುಂದೆ ಅಕ್ಕ ತೊಳೆದ ತಟ್ಟೆಯನ್ನೇ ಇನ್ನೊಮ್ಮೆ ತೊಳೆದಳು.

ಮೂರು ಸಂಜೆ ಭಾವ ಗೆರೆಯ ಗುಂಗಿನಲ್ಲೇ ಇದ್ದರು. ಹಳೆಯ ಪುಟಗಳನ್ನು ತಿರುವಿ, ಗಾಳಿಯ ದಿಕ್ಕು, ಮಣ್ಣಿನ ಆಳ, ನೆಲದಡಿ ಕಲ್ಲು ಇರಬಹುದಾದ ಸಾಧ್ಯತೆ ಎಲ್ಲವನ್ನೂ ಕಾಗದದ ಮೇಲೆ ಬರೆದರು, ಹೊಡೆದು ಹಾಕಿದರು. ಮೇಷ್ಟ್ರು ಶಾಲೆಯಲ್ಲಿ ಮಕ್ಕಳಿಗೆ ಮನೆಯ ಚಿತ್ರ ಬರೆಯಲು ಹೇಳಿ, ಸ್ಕೇಲು ಬಳಸಿದ ಹುಡುಗಿಯೊಬ್ಬಳ ಮೇಲೆ ಕಾರಣವಿಲ್ಲದೆ ರೇಗಿದರು. ನಾಲ್ಕನೇ ದಿನ ಮೇಡಂ ಫೋನು. ಭಾವ ಗೆರೆಯ ವಿಷಯ ಹೇಳಿದ್ದೇ ತಡ, ಅವರು ಉತ್ಸಾಹದಿಂದ ಎಂಟು ದಿನದಲ್ಲಿ ಬರುತ್ತೇನೆ, ಇದು ದೊಡ್ಡ ವಿಷಯವೇ ಇರಬಹುದು, ಪತ್ರಿಕೆಗೆ ಬರೆಯೋಣ ಎಂದರು. ಫೋನು ಇಟ್ಟ ಭಾವನ ಮುಖ ಕಂಡು ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಸುಳ್ಳೊಂದು ಅಚ್ಚಾಗಿ ಹೋಗುವುದರಲ್ಲಿತ್ತು. ಅದರ ಕೆಳಗೆ ಭಾವನ ಹೆಸರು ಇರುತ್ತಿತ್ತು.

“ಭಾವ, ಆ ಗೆರೆ ನಂದು,” ಎಂದರು.

“ನಿಂದಲ್ಲ, ನಂದು,” ಎಂದಳು ಅಕ್ಕ, ಸೆರಗಿಗೆ ಕೈ ಒರೆಸುತ್ತ. “ಇವನು ಬರೀ ಕಲ್ಲಿಟ್ಟಿದ್ದು. ರೀ, ನಾನೇ ಕಂಬಳಿ ಹೊದಿಸಿದ್ದು. ಬೈಯೋದಿದ್ರೆ ನನ್ನ ಬೈಯಿರಿ.”

ಭಾವ ಬೈಯಲಿಲ್ಲ. ಬಹಳ ಹೊತ್ತು ಮೇಜಿನ ಮೇಲಿನ ಬ್ರೆಡ್ಡಿನ ಚೂರುಗಳನ್ನು ಬೆರಳ ತುದಿಯಿಂದ ಒಂದು ಕಡೆ ಗುಡ್ಡೆ ಮಾಡಿದರು. ಕೆಂಪು ಶಾಯಿಯ ಸಾಲು ಮೂವರಿಗೂ ಗೊತ್ತಿತ್ತು. ಎಪ್ಪತ್ತೆರಡು ಗಿಡ ಕೀಳಬೇಕು, ಹಸಿರಾಗಿ ಉಳಿದವೂ ಸೇರಿ.

“ಯಾವ ಕಂಬಳಿ?” ಎಂದರು ಕೊನೆಗೆ.

“ಚೌಕಳಿದು.”

“ಕೊಡು.”

ಅಕ್ಕ ತಂದು ಕೊಟ್ಟಳು. ಭಾವ ಟೇಪು ಹಿಡಿದು ಉದ್ದ ಅಳೆದರು, ಅಗಲ ಅಳೆದರು, ನಾಲ್ಕು ಮಡಿಕೆ ಮಾಡಿ ದಪ್ಪ ಅಳೆದು ನಾಲ್ಕರಿಂದ ಭಾಗಿಸಿದರು, ತಕ್ಕಡಿಯಲ್ಲಿಟ್ಟು ತೂಗಿದರು. ಯಾವ ದಿನ, ಎಷ್ಟು ಗಂಟೆಗೆ, ಯಾವ ಮೂಲೆಗೆ ಎಷ್ಟು ಕಲ್ಲು, ತೆಗೆದದ್ದು ಯಾವತ್ತು, ಆಗ ಒದ್ದೆಯಿತ್ತೋ ಒಣಗಿತ್ತೋ, ಎಲ್ಲವನ್ನೂ ಪೊಲೀಸರ ಹಾಗೆ ಕೇಳಿ ದಾಖಲೆ ಪುಸ್ತಕದಲ್ಲಿ ಬರೆದರು. ‘ಹೊದಿಸಿದವರು: ಹೆಂಡತಿ. ಕಲ್ಲಿಟ್ಟವರು: ಬಾಮೈದ.’ ಪುಸ್ತಕ ಮುಚ್ಚಿ, ಎದ್ದು ಬಾತ್‌ರೂಮಿಗೆ ಹೋದರು. ನಲ್ಲಿ ಓಡುವ ಸದ್ದು ಕೇಳಿತು.

ಅಕ್ಕ ಕುರ್ಚಿಯಲ್ಲಿ ಕುಸಿದಳು. “ಬೈದಿದ್ರೆ ಚೆನ್ನಾಗಿತ್ತು ಕಣೋ,” ಎಂದಳು.

ಮೇಡಂ ಬಂದರು. ಅಗಲ ಟೋಪಿ, ಎರಡು ಕಿವಿಗೂ ಒಂದೊಂದು ಪೆನ್ಸಿಲು, ವಾಕ್ಯ ಶುರುಮಾಡಿದರೆ ಪ್ರಶ್ನೆಯಲ್ಲೇ ಮುಗಿಸುವ ಅಭ್ಯಾಸ. ನಾಲ್ವರೂ ಬೆಟ್ಟ ಹತ್ತಿದರು. ತಪ್ಪು ಮಾಡಿದವರು ಬರಲೇಬೇಕೆಂದು ಭಾವ ಹೇಳಿರಲಿಲ್ಲ, ಅವರಾಗಿಯೇ ಬಂದಿದ್ದರು. ಭಾವನ ಚೀಲದಲ್ಲಿ ಕೈಗುದ್ದಲಿ ಇತ್ತು. ಅದರ ಹಿಡಿ ಹೊರಗೆ ಚಾಚಿಕೊಂಡು, ದಾರಿಯುದ್ದಕ್ಕೂ ಹಿಂದೆ ನಡೆಯುವ ಮೇಷ್ಟ್ರ ಕಣ್ಣಿಗೇ ಕಾಣುತ್ತಿತ್ತು.

ಪಾತಿಯ ಬಳಿ ಭಾವ ಮೇಡಂ ಕೈಗೆ ದಾಖಲೆ ಪುಸ್ತಕ ಕೊಟ್ಟು, ಗುದ್ದಲಿ ತೆಗೆದು ಪಕ್ಕಕ್ಕಿಟ್ಟುಕೊಂಡು ನಿಂತರು. ಮೇಡಂ ಓದಿದರು. ಒಂದು ಸಲ ಓದಿ, ಪಾತಿ ನೋಡಿ, ಮತ್ತೆ ಮೊದಲಿಂದ ಓದಿದರು. ಅಕ್ಕ ತಮ್ಮನ ತೋಳನ್ನು ಹಿಡಿದ ಹಿಡಿತಕ್ಕೆ ಅಲ್ಲಿ ಆಮೇಲೆ ನಾಲ್ಕು ಬೆರಳಿನ ಗುರುತು ಮೂಡಿತ್ತು.

“ಕಂಬಳಿ ಉಣ್ಣೆಯದ್ದಾ?” ಎಂದರು ಮೇಡಂ.

“ಅರ್ಧ ಉಣ್ಣೆ,” ಎಂದಳು ಅಕ್ಕ. “ಅಂಗಡಿಯವನು ಪೂರ್ತಿ ಅಂತ ಹೇಳಿದ್ದ.”

“ಪ್ರತಿ ಸಾಲಲ್ಲೂ ಸರಿಯಾಗಿ ಆರಾರು? ಅದು ಹೇಗೆ ಬಂತು?”

“ಕಂಬಳಿ ಅಷ್ಟೇ ಇತ್ತು ಮೇಡಂ.”

ಮೇಡಂ ಪಾತಿಯ ಪಕ್ಕ ಹೊಟ್ಟೆಯ ಮೇಲೆ ಮಲಗಿ, ಕಂದು ಅರ್ಧದ ಗಿಡಗಳನ್ನು ಒಂದೊಂದಾಗಿ ನೋಡತೊಡಗಿದರು. ಮೂರನೇ ಸಾಲಿಗೆ ಬರುತ್ತಲೇ ಭಾವನನ್ನು ಕರೆದು ಭೂತಗನ್ನಡಿ ಕೇಳಿದರು. ಭಾವ ತಾವೂ ಬಗ್ಗಿದರು. ಒಣಗಿದ ಎಲೆಗಳ ಬುಡದಲ್ಲಿ, ಬೇರಿಗೆ ಅಂಟಿಕೊಂಡು, ಅಕ್ಕಿ ನುಚ್ಚಿನಷ್ಟು ಕೆಂಪು ಹಸಿರಿನ ಒಂದು ಮೊಳಕೆ. ಆಮೇಲೆ ಇನ್ನೊಂದು. ಭಾವ ಎಣಿಸತೊಡಗಿದರು. ಅವರ ದನಿ ಎಂದಿನಂತೆಯೇ ಇತ್ತು. ಐದಕ್ಕೆ ಬಂದಾಗ ಮಾತ್ರ ನಿಂತು, ಮತ್ತೆ ಐದು ಎಂದರು.

ಏಳಿದ್ದವು. ಏಳೂ ಬೆಟ್ಟದ ಮಕ್ಕಳ ಸಾಲಿನವು. ಹೊದಿಕೆಯಿಲ್ಲದೆ ಮಲಗಿದ್ದ ಊರಿನ ಮಕ್ಕಳಲ್ಲಿ ಒಂದೂ ಉಳಿದಿರಲಿಲ್ಲ. ಹೊದಿಕೆಯಡಿ ಮಲಗಿದ್ದವರಲ್ಲಿ ಎರಡೂ ಕಡೆಯವರು ಚೆನ್ನಾಗಿಯೇ ಇದ್ದರು.

ಮೇಡಂ ಎದ್ದು ಕೂತು ಟೋಪಿ ಸರಿಮಾಡಿಕೊಂಡರು. “ನಾನು ಹನ್ನೊಂದು ವರ್ಷದಿಂದ ಆಫೀಸಿಗೆ ಬರೀತಾ ಇದೀನಿ, ಗೊತ್ತಾ? ಒಂದರ್ಧ ಪಾತಿಗೆ ಹೊದಿಸಿ, ಇನ್ನರ್ಧ ಹಾಗೇ ಬಿಟ್ಟು ನೋಡೋಣ, ಹಿಮ ಕಡಿಮೆ ಆದ್ರೆ ಯಾರು ಉಳೀತಾರೆ ತಿಳಿಯುತ್ತೆ ಅಂತ. ಪ್ರತಿ ವರ್ಷ ಒಂದೇ ಉತ್ತರ: ಮುಟ್ಟಬೇಡಿ. ಈಗ ಮುಟ್ಟಾಗಿದೆ. ಅದೂ ಇಷ್ಟು ಅಚ್ಚುಕಟ್ಟಾಗಿ. ದಪ್ಪ ಕೂಡ ಬರೆದಿದೀರಿ?”

“ನಾಲ್ಕು ಮಡಿಕೆ ಅಳೆದು ಭಾಗಿಸಿದ್ದು,” ಎಂದರು ಭಾವ.

“ಇದನ್ನ ಕಿತ್ರೆ ನನ್ನನ್ನೂ ಜೊತೆಗೆ ಕೀಳಬೇಕಾಗುತ್ತೆ. ಇನ್ನು ಮುಂದೆ ಇದು ಒಂದು ಪಾತಿ ಅಲ್ಲ, ಎರಡು ಅಂತ ಬರ್ಕೊಳ್ಳಿ. ಆಫೀಸಿಗೆ ನಾನು ಹೇಳ್ತೀನಿ, ಆಯ್ತಾ?”

ಭಾವ ಗುದ್ದಲಿಯನ್ನು ಚೀಲದೊಳಗಿಟ್ಟರು. ಹಿಡಿ ಹೊರಗೆ ಕಾಣದ ಹಾಗೆ, ತಲೆಕೆಳಗು ಮಾಡಿ ಇಟ್ಟರು. ಕಿಸೆಯಿಂದ ಪೆನ್ನು ತೆಗೆದು ಪಾತಿಯ ಹೆಸರಿನ ಮುಂದೆ ‘ಅ’ ಎಂದೂ, ಕೆಳಗೆ ‘ಆ’ ಎಂದೂ ಬರೆದರು. ಬರೆಯುವಾಗ ಪುಟದ ಮೇಲೆ ಒಂದು ಹನಿ ಬಿತ್ತು. ಮಳೆ ಬರುವ ಹಾಗಿದೆ ಎಂದು ಮೇಷ್ಟ್ರು ಆಕಾಶ ನೋಡಿದರು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ. ಅಕ್ಕ ತಮ್ಮನ ತೋಳು ಬಿಟ್ಟು, ಬ್ಯಾಗಿನಿಂದ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ ತೆಗೆದು ಹರಡಿದಳು. ಎಂಟು ದಿನದ ಮೇಲೆ ಭಾವ ಎರಡನೇ ಸಲ ಕೇಳಿ ಹಾಕಿಸಿಕೊಂಡು ತಿಂದರು.

ಇಳಿಯುವಾಗ ಹೆಂಗಸರಿಬ್ಬರೂ ಮುಂದೆ, ಕಂಬಳಿಯ ಬಗ್ಗೆಯೇ ಮಾತಾಡಿಕೊಂಡು ಹೋಗುತ್ತಿದ್ದರು. ಮೇಡಂಗೆ ಬರುವ ಚಳಿಗಾಲಕ್ಕೂ ಅದೇ ಅಳತೆಯದ್ದು ಬೇಕಿತ್ತಂತೆ. ಮೇಷ್ಟ್ರು ಭಾವನ ಪಕ್ಕ ನಡೆಯುತ್ತ, ಎದೆಯ ಮೇಲಿನ ಕಲ್ಲು ಇಳಿದ ಖುಷಿಯಲ್ಲಿ, ಬಹಳ ದಿನದಿಂದ ಕೇಳಬೇಕೆಂದಿದ್ದ ಮಾತನ್ನು ಕೇಳಿಯೇಬಿಟ್ಟರು.

“ಭಾವ, ಕೋಪ ಮಾಡ್ಕೋಬೇಡಿ. ಇಷ್ಟು ವರ್ಷದಲ್ಲಿ, ಯಾರಿಗೂ ಗೊತ್ತಾಗದ ಹಾಗೆ ಒಂದ್ಸಲ ಹೊದಿಸಿಬಿಡೋಣ ಅಂತ ನಿಮಗೆ ಅನ್ನಿಸಲೇ ಇಲ್ವಾ?”

ಭಾವ ಕೋಲೂರಿಕೊಂಡು ಹತ್ತು ಹೆಜ್ಜೆ ನಡೆದರು.

“ಪ್ರತಿ ಚಳಿಗಾಲ ಅನ್ನಿಸ್ತಿತ್ತು,” ಎಂದರು. “ಆದ್ರೆ ನಮ್ಮನೇಲಿ ಕಂಬಳಿ ಎಲ್ಲಿಡ್ತಾಳೆ ಅಂತ ನಂಗೆ ಗೊತ್ತಿಲ್ಲ.”